ಹನ್ನೊಂದನೇ ಮಂಚ

ಗಾದ್ರಪ್ಪನ ಅಕ್ಕ ಪಾಲಮ್ಮ ಆಸ್ಪತ್ರೆಯ ಗೇಟಿನಲ್ಲಿ ಎರಡು ಮಾತು ಹೇಳಿ ಹೋಗಿದ್ದಳು. ಒಂದು, ತಮ್ಮನನ್ನು ಮಂಚದ ಮೇಲೆ ಮಲಗಿಸಬಾರದು. ಎರಡು, ಅವನ ತಟ್ಟೆಗೆ ಕೋಳಿಯಾಗಲಿ ಮೊಟ್ಟೆಯಾಗಲಿ ಬೀಳಬಾರದು. ಎರಡನ್ನೂ ಕೇಳಿಸಿಕೊಂಡವಳು ನರ್ಸ್ ಶಶಿರೇಖಾ. "ಬರಕೊಂತೀನಿ, ನೀವು ಹೊರಡ್ರಿ" ಅಂದಿದ್ದಳು. ಬರೆದುಕೊಳ್ಳಲಿಲ್ಲ.

ಅದು ಕೊರೋನಾದ ಎರಡನೇ ಅಲೆ, ಏಪ್ರಿಲ್ ತಿಂಗಳ ಕೊನೆ. ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳ ಸಾಲು ಮುಗಿದ ಮೇಲೆ, ಬಳ್ಳಾರಿ ಕಡೆಗೆ ಹೋಗುವ ರಸ್ತೆಯ ಎಡಕ್ಕೆ, ಜಾಲಿಗಿಡಗಳ ನಡುವೆ ಆ ಮಾನಸಿಕ ಆಸ್ಪತ್ರೆಯಿತ್ತು. ಗಂಡಸರಿಗೆ ಹದಿನಾರು ಮಂಚ, ಹೆಂಗಸರಿಗೆ ಹನ್ನೆರಡು. ಅಲ್ಲಿಯ ಪದ್ಧತಿಯೆಂದರೆ ಒಬ್ಬೊಬ್ಬ ರೋಗಿಯ ಜೊತೆಗೂ ಮನೆಯವರೊಬ್ಬರು ಉಳಿಯಬೇಕು. ಉಣ್ಣಿಸುವವರು, ಸ್ನಾನ ಮಾಡಿಸುವವರು, ರಾತ್ರಿ ಎದ್ದು ಕೂತರೆ ಬೆನ್ನು ಸವರಿ ಮಲಗಿಸುವವರು ಅವರೇ. ಪಾಳಿಗೆ ಇಬ್ಬರು ನರ್ಸು, ಇಬ್ಬರು ಅಟೆಂಡರುಗಳಲ್ಲಿ ಆಸ್ಪತ್ರೆ ನಡೆಯುತ್ತಿದ್ದುದು ಹಾಗೆ. ಆ ದಿನ ಮಧ್ಯಾಹ್ನ, ರಾತ್ರಿಯಿಂದ ಲಾಕ್‌ಡೌನು, ಬಸ್ಸು ನಿಲ್ಲುತ್ತವೆ, ಮನೆಯವರನ್ನೆಲ್ಲ ಸಂಜೆಯೊಳಗೆ ಹೊರಗೆ ಕಳಿಸಿ ಎಂದು ಮೇಲಿನವರಿಂದ ಹೇಳಿಕೆ ಬಂತು.

ಗಂಟುಮೂಟೆ ಹೊತ್ತು ಹೊರಟವರು ಒಬ್ಬೊಬ್ಬರೂ ಗೇಟಿನಲ್ಲಿ ನಿಂತು ಏನಾದರೂ ಹೇಳುವವರೇ. "ನಮ್ಮಪ್ಪಂಗೆ ಬಿಸಿನೀರೇ ಕೊಡ್ರಿ." "ಅದಕ್ಕೆ ಕತ್ತಲಂದ್ರೆ ಭಯ ಕಣಮ್ಮ, ಲೈಟ್ ಆರಿಸಬ್ಯಾಡ್ರಿ." "ಅವನ ಮುಂದೆ ಅವನ ಹೆಂಡ್ತಿ ಹೆಸರು ಮಾತ್ರ ಎತ್ತಬ್ಯಾಡ್ರಪ್ಪಾ, ನಿಮ್ಮ ಕೈ ಮುಗಿತೀನಿ." ಶಶಿರೇಖಾ ಎಲ್ಲರಿಗೂ ತಲೆಯಾಡಿಸಿದಳು. ಅವಳ ಗಂಟಲು ಬೆಳಗಿನಿಂದಲೇ ಉರಿಯುತ್ತಿತ್ತು. ಪಾಲಮ್ಮನ ಮಾತೂ ಆ ಮಾತುಗಳ ನಡುವೆ ಒಂದಾಗಿ ಬಂದು ಹೋಯಿತು. ಆ ರಾತ್ರಿ ಶಶಿರೇಖಾಗೆ ಜ್ವರ ಬಂತು. ಹದಿನಾಲ್ಕು ದಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಬಿದ್ದುಕೊಂಡಿದ್ದಳು. ಮೊಳಕಾಲ್ಮೂರಿನಿಂದ ಅವಳ ಅವ್ವ ಫೋನು ಮಾಡಿ, ಮಗ್ಗ ನಿಂತಿದೆ, ನಿಮ್ಮಪ್ಪ ಸುಮ್ಮನೆ ಕೂತವ್ನೆ, ನೀನು ಇತ್ತ ಬರಬ್ಯಾಡ ಅಂದಳು. ಹದಿನೈದನೇ ದಿನ ಶಶಿರೇಖಾ ಕೆಲಸಕ್ಕೆ ಹೊರಟಾಗ ಗಿರಣಿಗಳ ಮುಂದೆ ಹಾದುಹೋದಳು. ಶೇಂಗಾ ಹಿಂಡಿಯ ವಾಸನೆ ಬರಲಿಲ್ಲ. ಗಿರಣಿ ನಿಂತಿರಬೇಕು ಅಂದುಕೊಂಡಳು. ಗಿರಣಿ ನಡೆಯುತ್ತಿತ್ತು, ಮೂಗು ಸತ್ತಿತ್ತು.

ಗಾದ್ರಪ್ಪನಿಗೆ ಆಗ ಮೂವತ್ತೆಂಟು. ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿನ, ದೊಡ್ಡಉಳ್ಳಾರ್ತಿಗೆ ಹೋಗಿಬರುವಷ್ಟು ದೂರದ ಒಂದು ಹಟ್ಟಿಯವನು. ಹಟ್ಟಿಯ ದೇವರಿಗೆ ಬಿಟ್ಟ ದನಗಳಿಗೆ ಹತ್ತೊಂಬತ್ತನೇ ವಯಸ್ಸಿನಿಂದ ಅವನೇ ಕಿಲಾರಿ. ಆ ದನಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ, ಕಾಯುವುದಷ್ಟೇ. ಕಾಯುವವನಿಗೂ ಕಟ್ಟಳೆಗಳಿವೆ. ಕಾಲಿಗೆ ಮೆಟ್ಟು ಹಾಕುವ ಹಾಗಿಲ್ಲ. ಮಂಚ ಹತ್ತುವ ಹಾಗಿಲ್ಲ. ದನ ನೆಲದ ಮೇಲೆ ಮಲಗಿರುವಾಗ ಕಿಲಾರಿಯೂ ನೆಲದ ಮೇಲೆಯೇ. ಕೋಳಿ, ಮೊಟ್ಟೆಯನ್ನು ಆ ಹಟ್ಟಿಯ ಯಾರೂ ಮುಟ್ಟುವುದಿಲ್ಲ. ಕಿಲಾರಿಯಂತೂ ಅದು ಬೆಂದ ಮನೆಯ ನೀರನ್ನೂ ಕುಡಿಯುವುದಿಲ್ಲ. ಇದರಲ್ಲಿ ಒಂದು ತಪ್ಪಿದರೂ ದನ ಕೂಡುವ ರೊಪ್ಪದ ಬೇಲಿ ದಾಟಿ ಒಳಗೆ ಹೋಗುವ ಹಾಗಿಲ್ಲ. ಗಾದ್ರಪ್ಪ ಮದುವೆಯಾಗಿರಲಿಲ್ಲ. ಅವನಿಗೆ ಆ ರೊಪ್ಪ ಬಿಟ್ಟರೆ ಬೇರೆ ಮನೆ ಇರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಅವನಿಗೆ ನಿದ್ದೆ ಹತ್ತದಾಯಿತು. ಕುದಾಪುರದ ಕಡೆ ಸರ್ಕಾರಿ ಸಂಸ್ಥೆಗಳಿಗೆಂದು ಹುಲ್ಲುಗಾವಲಿಗೆ ಅಡ್ಡಲಾಗಿ ಎದ್ದ ಉದ್ದದ ಗೋಡೆಯಿದೆಯಲ್ಲ, ಅದರ ಆಚೆ ತನ್ನ ದನ ಕೂಗುತ್ತಿವೆ ಅನ್ನತೊಡಗಿದ. ದನಗಳೆಲ್ಲ ಈಚೆಗೇ, ಅವನ ಬೆನ್ನ ಹಿಂದೆಯೇ ನಿಂತಿದ್ದವು. ಎರಡು ಹಗಲು ಎರಡು ರಾತ್ರಿ ಗೋಡೆಗೆ ಕೈ ಹಚ್ಚಿ ನಡೆದ, ಬಾಗಿಲು ಎಲ್ಲಿದೆ ಎಂದು. ಬೆರಳ ತುದಿ ಸವೆದು ರಕ್ತ ಬಂದ ಮೇಲೆ ಪಾಲಮ್ಮ ಅವನನ್ನು ಚಳ್ಳಕೆರೆಗೆ ಕರೆತಂದಳು. ಅವಳು ಜೊತೆಗಿದ್ದ ಹನ್ನೆರಡು ದಿನ ಅವನು ಮಂಚದ ಪಕ್ಕದಲ್ಲಿ ಕಂಬಳಿ ಹಾಸಿ ಮಲಗಿದ, ಅವಳು ವೆರಾಂಡದಲ್ಲಿ ಬೇಯಿಸಿದ ಮುದ್ದೆ ಉಂಡ. ಮಾತ್ರೆಗೆ ಕೂಗು ಕಡಿಮೆಯಾಗುತ್ತ ಬಂದಿತ್ತು.

ಶಶಿರೇಖಾ ಜ್ವರ ಮುಗಿಸಿ ಬಂದಾಗ ಗಂಡಸರ ವಾರ್ಡು ಬೇರೆ ಜಾಗದಂತೆ ಕಂಡಿತು. ಮಂಚಗಳನ್ನು ದೂರ ದೂರ ಎಳೆದು, ಒಂದೊಂದರ ಸುತ್ತಲೂ ಸುಣ್ಣದಲ್ಲಿ ಚೌಕ ಬರೆದಿದ್ದರು. ಚೌಕ ದಾಟಬಾರದು. ಕೇರಂ ಬೋರ್ಡು ಸ್ಟೋರಿಗೆ ಹೋಗಿತ್ತು. ಬೆಳಿಗ್ಗೆ ಅಂಗಳದಲ್ಲಿ ಸುತ್ತು ಹಾಕುವುದು, ಒಟ್ಟಿಗೆ ಕೂತು ಉಣ್ಣುವುದು, ಸಂಜೆಯ ಭಜನೆ ಎಲ್ಲವೂ ನಿಂತಿದ್ದವು. ಇನ್ನೊಬ್ಬ ನರ್ಸನ್ನು ಕೋವಿಡ್ ವಾರ್ಡಿಗೆ ಕರೆಸಿಕೊಂಡಿದ್ದರು. ಡಾಕ್ಟರು ಮುರುಗೇಂದ್ರಪ್ಪನವರೇ ದಾವಣಗೆರೆಯಲ್ಲಿ ಆಕ್ಸಿಜನ್ ಹಚ್ಚಿಕೊಂಡು ಮಲಗಿದ್ದರು. ಕೆಮ್ಮಿನ ನಡುವೆ ಫೋನಿನಲ್ಲೇ ಹೇಳುತ್ತಿದ್ದರು: "ತೀರ ಅಗತ್ಯ ಬಿದ್ದಾಗ ಇಂಜೆಕ್ಷನ್ ಕೊಡಿ ಶಶಿರೇಖಾ. ದಿನಕ್ಕೆ ಎರಡು ದಾಟಬೇಡಿ. ಅಗತ್ಯ ಯಾವಾಗ ಅನ್ನೋದು ನಿಮಗೇ ಬಿಟ್ಟಿದ್ದು."

ಮೊದಲೆಲ್ಲ ಆ ನಿದ್ದೆಯ ಇಂಜೆಕ್ಷನ್ ಬೇಕಾಗುತ್ತಿದ್ದುದು ವಾರಕ್ಕೆ ಒಂದೋ ಎರಡೋ ಸಲ. ಯಾರಾದರೂ ರೇಗಿದರೆ ಮನೆಯವರು ಹೆಗಲ ಮೇಲೆ ಕೈ ಹಾಕಿ ಅಂಗಳಕ್ಕೆ ಕರೆದುಕೊಂಡು ಹೋಗುತ್ತಿದ್ದರು, ಅರ್ಧ ಗಂಟೆಗೆ ಸರಿಹೋಗುತ್ತಿತ್ತು. ಈಗ ಕೈ ಹಾಕುವವರಿಲ್ಲ, ಅಂಗಳವಿಲ್ಲ. ಬೆಳಿಗ್ಗೆಯೇ ಸಿರಿಂಜುಗಳನ್ನು ಸಾಲಾಗಿ ಜೋಡಿಸಿ ಟ್ರೇ ಸಿದ್ಧ ಮಾಡಿಡುವುದು ರೂಢಿಯಾಯಿತು. ತಿಂಗಳಿಗೆ ಬರುತ್ತಿದ್ದ ಔಷಧಿಯ ಪೆಟ್ಟಿಗೆ ಎಂಟು ದಿನಕ್ಕೆ ಖಾಲಿಯಾಗತೊಡಗಿತು. ಮೈ ಹಗುರಾಗಿ ನಿದ್ದೆ ಬರಿಸುವ ಒಂದು ಔಷಧಿ ಕೋವಿಡ್ ಆಸ್ಪತ್ರೆಗಳಿಗೆ ಬೇಕೆಂದು ಇವರಿಗೆ ಬರುವುದೇ ನಿಂತು, ಹಳೆಯದೊಂದು ಉಳಿಯಿತು. ಅದು ಕೊಟ್ಟರೆ ಗಲಾಟೆ ನಿಲ್ಲುತ್ತಿತ್ತು. ಜೊತೆಗೆ ಕುತ್ತಿಗೆ ಬಿಗಿಯುತ್ತಿತ್ತು, ನಾಲಿಗೆ ದಪ್ಪವಾಗುತ್ತಿತ್ತು, ಜೊಲ್ಲು ಸುರಿಯುತ್ತಿತ್ತು.

ಅಟೆಂಡರ್ ಮುರುಗೇಶನಿಗೆ ಐವತ್ತು ದಾಟಿತ್ತು. ತಲೆಯಿಂದ ಪಾದದವರೆಗೆ ಬಿಳಿ ಸೂಟು ತೊಟ್ಟು, ಬೆವರಿ, ಏದುಸಿರು ಬಿಡುತ್ತ ಬರುತ್ತಿದ್ದ.

"ಸಿಸ್ಟರ್, ಇದರೊಳಗೆ ನಾನು ಬೇಯಿಸಿದ ಶೇಂಗಾ ಆಗಿದೀನಿ. ಸ್ವಲ್ಪ ಉಪ್ಪು ಹಾಕಿದ್ರೆ ಬಸ್‌ಸ್ಟಾಂಡ್‌ನಾಗೆ ಮಾರಬೌದು."

"ಬಸ್ಸೇ ಇಲ್ಲ ಮುರುಗೇಶಣ್ಣ."

"ಹೌದಲ್ಲ. ಮಾರಾಕೂ ಆಗಲ್ಲ ಬಿಡ್ರಿ."

ಅವರಿಬ್ಬರ ನಡುವೆ ನಗು ಅಂದರೆ ಅಷ್ಟೇ. ಅದೂ ಮಾಸ್ಕಿನೊಳಗೆ ಉಳಿಯುತ್ತಿತ್ತು.

ಹನ್ನೊಂದನೇ ಮಂಚದವನು ಮಂಚದ ಮೇಲೆ ಇರುತ್ತಿರಲಿಲ್ಲ. ಮುರುಗೇಶ ಎತ್ತಿ ಮಲಗಿಸಿ ಬೆನ್ನು ತಿರುಗಿಸುವುದರೊಳಗೆ ಕೆಳಗಿಳಿದು ಬಾಗಿಲ ಬಳಿ ಮೊಣಕಾಲಿಗೆ ಗಲ್ಲ ಊರಿ ಕೂತಿರುತ್ತಿದ್ದ. ನೆಲಕ್ಕೆ ದಿನಕ್ಕೆ ಮೂರು ಸಲ ಫಿನಾಯಿಲ್ ಸುರಿಯುತ್ತಿದ್ದರು. ಒದ್ದೆ ನೆಲದಲ್ಲಿಯೇ ಮಲಗಿಬಿಡುತ್ತಿದ್ದ. "ಮಂಚಂ ವದ್ದು" ಅನ್ನುತ್ತಿದ್ದ. ಮಂಚ ಬೇಡ. ಶಶಿರೇಖಾಗೆ ತೆಲುಗು ಬರುತ್ತಿತ್ತು. ಮೊಳಕಾಲ್ಮೂರಿನ ಕೇರಿಯಲ್ಲಿ ಅರ್ಧ ಮಾತು ತೆಲುಗಿನಲ್ಲೇ ಆಡಿ ಬೆಳೆದವಳು. ಅವನು ಹೇಳಿದ್ದು ಅವಳಿಗೆ ಪೂರ್ತಿ ತಿಳಿಯುತ್ತಿತ್ತು. ಬೇಡ ಅನ್ನುವುದನ್ನು ಆ ವಾರ್ಡಿನಲ್ಲಿ ಎಲ್ಲರೂ ಅನ್ನುತ್ತಿದ್ದರು. ಮಾಸ್ಕು ಬೇಡ, ಸ್ನಾನ ಬೇಡ, ಮಂಚ ಬೇಡ. ಅವಳು ಹಾಳೆಯಲ್ಲಿ ಬರೆದಳು: ಹನ್ನೊಂದು. ಚಡಪಡಿಕೆ. ಜಾಗದಲ್ಲಿ ನಿಲ್ಲುತ್ತಿಲ್ಲ. ಇಂಜೆಕ್ಷನ್ ಕೊಟ್ಟಿದೆ.

ಮೇ ಮಧ್ಯದಲ್ಲಿ ರೋಗಿಗಳ ಮೈಗೆ ಶಕ್ತಿ ಬರಲೆಂದು ದಿನಕ್ಕೊಂದು ಬೇಯಿಸಿದ ಮೊಟ್ಟೆ ಬರತೊಡಗಿತು. ಮೊದಲ ದಿನ ಗಾದ್ರಪ್ಪ ತಟ್ಟೆಯನ್ನು ನೋಡಿದ. ನಿಧಾನವಾಗಿ ಎರಡೂ ಕೈಯಲ್ಲಿ ಎತ್ತಿ ಗೋಡೆಗೆ ಎಸೆದ. ಸ್ಟೀಲು ತಟ್ಟೆ ಪಕ್ಕದ ಮಂಚದವನ ಕಿವಿಗೆ ತಾಗಿ ರಕ್ತ ಬಂತು. ಆ ಪಕ್ಕದವನು ಕಿರುಚಿದ್ದಕ್ಕೆ ಇನ್ನಿಬ್ಬರು ಕಿರುಚಿದರು.

"ಲೇ ಗಾದ್ರಿ, ಅನ್ನ ಚೆಲ್ಲಬಾರದು ಕಣಲೇ" ಎಂದು ಮುರುಗೇಶ ಅವನ ತೋಳು ಹಿಂದಕ್ಕೆ ಹಿಡಿದ.

"ಗುಡ್ಡು ವದ್ದು" ಅಂದ ಗಾದ್ರಪ್ಪ. ಮೊಟ್ಟೆ ಬೇಡ. ಅವಳೂ ತೊಟ್ಟಿದ್ದ ಬಿಳಿ ಸೂಟಿನ ಕಣ್ಣಿನ ಗಾಜಿನೊಳಗೆ ಯಾರಿದ್ದಾರೆ ಎಂದು ಹುಡುಕುವಂತೆ ಶಶಿರೇಖಾಳನ್ನು ನೋಡಿದ. ಅವಳು ಟ್ರೇಯಿಂದ ಸಿರಿಂಜು ತೆಗೆದಳು.

ಅಂದು ಬರೆದದ್ದು: ಊಟ ನಿರಾಕರಣೆ. ಹಲ್ಲೆ. ಇಂಜೆಕ್ಷನ್ ಎರಡು.

ಆಮೇಲೆ ಬೆಳಿಗ್ಗೆ ಒಂದು, ಸಂಜೆ ಒಂದು. ಯಾರೂ ತೀರ್ಮಾನ ಮಾಡಿದ್ದಲ್ಲ. ಇಳಿಯುತ್ತಾನೆ, ಕೊಡು. ಎಸೆಯುತ್ತಾನೆ, ಕೊಡು. ಕೊನೆಗೆ ಇಳಿಯುವ ಮೊದಲೇ, ಎಸೆಯುವ ಮೊದಲೇ. ಮೂರನೇ ವಾರಕ್ಕೆ ಅವನು ಇಳಿಯುವುದು ನಿಂತಿತು. ಮಲಗಿಸಿದ ಕಡೆ ಮಲಗಿದ, ಕಣ್ಣು ಅರ್ಧ ತೆರೆದು. ಅನ್ನಕ್ಕೆ ಮೊಟ್ಟೆ ಕಿವುಚಿ ಚಮಚದಲ್ಲಿ ಇಟ್ಟರೆ ಬಾಯಿ ತೆರೆದೇ ಇರುತ್ತಿತ್ತು. ಶಶಿರೇಖಾಳೇ ತಿನ್ನಿಸಿದಳು. ಹದಿನಾರು ಮಂದಿಗೆ ತಿನ್ನಿಸಬೇಕಿತ್ತು. ಹನ್ನೊಂದಕ್ಕೆ ಬರುವ ಹೊತ್ತಿಗೆ ಕೈ ತಾನಾಗಿ ಹೋಗಿ ಬರುತ್ತಿತ್ತು. ಅವಳಿಗೆ ಮೊಟ್ಟೆಯ ವಾಸನೆಯೂ ಇರಲಿಲ್ಲ, ಫಿನಾಯಿಲಿನ ವಾಸನೆಯೂ ಇರಲಿಲ್ಲ. ತಾನು ಉಂಡದ್ದು ಏನು ಎಂಬುದು ಅವಳಿಗೆ ಸಂಜೆ ನೆನಪಿರುತ್ತಿರಲಿಲ್ಲ. ಊರಿನಿಂದ ಸುದ್ದಿ ಬರುತ್ತಿತ್ತು: ಆಚೆ ಬೀದಿಯ ರಂಗಕ್ಕ ಹೋದಳು, ಅವಳ ಭಾವನೂ ಹೋದ. ಹೌದಾ ಅಂದು ಫೋನಿಡುತ್ತಿದ್ದಳು.

ಸೋಮವಾರ ಸೋಮವಾರ ಹತ್ತು ಗಂಟೆಗೆ ಪಾಲಮ್ಮ ಆಸ್ಪತ್ರೆಗೆ ಫೋನು ಮಾಡುತ್ತಿದ್ದಳು. ಹಟ್ಟಿಯಲ್ಲಿ ಸಿಗ್ನಲ್ಲಿಲ್ಲ, ದಿಬ್ಬ ಹತ್ತಿ ನಿಂತು ಮಾಡುತ್ತಿದ್ದಳೆಂದು ಗಾಳಿಯ ಸದ್ದಿನಲ್ಲಿ ತಿಳಿಯುತ್ತಿತ್ತು.

"ನಮ್ಮ ಗಾದ್ರಿ ಹೆಂಗವ್ನೆ ತಾಯಿ?"

"ಚೆನ್ನಾಗವ್ರೆ. ಗಲಾಟೆ ಏನಿಲ್ಲ."

"ಉಂಬ್ತಾನಾ?"

"ಉಂಬ್ತಾರೆ."

"ನಿದ್ದೆ ಬರ್ತೈತಾ?"

"ನಿದ್ದೆಗೇನೂ ಕೊರತೆಯಿಲ್ಲ ಅಕ್ಕಾ."

ಐದು ಸೋಮವಾರ ಮಾತು ಇಷ್ಟರಲ್ಲೇ ಮುಗಿದಿತ್ತು. ಆರನೆಯದು ಜೂನ್ ಮಧ್ಯದಲ್ಲಿ. ನಿದ್ದೆಯ ಮಾತಾದ ಮೇಲೆ ಪಾಲಮ್ಮ ಕೇಳಿದಳು:

"ಕೆಳಗೇ ತಾನೆ ಮಲಗೋದು? ನಾನು ಗೇಟಿನಾಗೆ ಹೇಳಿದ್ನಲ್ಲ, ಮಂಚ ಬ್ಯಾಡ ಅಂತ. ಮೊಟ್ಟೆದೂ ಹೇಳಿದ್ದೆ. ಇಲ್ಲಿ ನಮ್ಮ ಹಟ್ಟಿ ಹಿರೇನು ಮರುಳಪ್ಪಜ್ಜ ದಿನಾ ಕೇಳ್ತಾನೆ. ಕಿಲಾರಿ ಬರೋಗಂಟ ದನಕ್ಕೆ ನಾನೇ ನೀರು ಕುಡಿಸ್ತೀನಿ ಅಂತ ಕಾಯ್ತಾ ಕೂತೈತೆ ಮುದುಕ."

ಶಶಿರೇಖಾ ಫೋನು ಹಿಡಿದು ಗಾಜಿನಾಚೆ ನೋಡಿದಳು. ಸುಣ್ಣದ ಚೌಕದ ನಡುವೆ ಹನ್ನೊಂದನೇ ಮಂಚ. ಅದರ ಮೇಲೆ ಅಂಗಾತ ಮಲಗಿದ ಗಾದ್ರಪ್ಪ. ಗೇಟು, ಗಂಟುಗಳು, ಆ ಹೆಂಗಸು ಎರಡು ಬೆರಳು ಎತ್ತಿ ಎರಡು ಮಾತು ಹೇಳಿದ್ದು, ಎಲ್ಲ ಒಂದೇ ಸಲಕ್ಕೆ ಬಂತು. ಎದೆ ಧಸಕ್ಕನ್ನಬೇಕಿತ್ತು. ಏನೂ ಆಗಲಿಲ್ಲ. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿದಳು.

"ಸರಿಯಾಗಿ ಕೇಳಿಸ್ತಿಲ್ಲ ಅಕ್ಕಾ" ಅಂದಳು.

ಅಂದು ಮಧ್ಯಾಹ್ನ ಅವನ ತಟ್ಟೆಯ ಮೊಟ್ಟೆ ತೆಗೆದಿಟ್ಟಳು. ಸಂಜೆಯ ಇಂಜೆಕ್ಷನ್ ಕೊಡಲಿಲ್ಲ. ಮುರುಗೇಶನಿಗೆ ಹೇಳಿ ಸ್ಟೋರಿನಿಂದ ಚಾಪೆ ತರಿಸಿ ಮಂಚದ ಪಕ್ಕ ಹಾಸಿದಳು.

"ಇಳೀರಿ ಗಾದ್ರಪ್ಪಾರೇ. ಕೆಳಗೆ ಮಲಗ್ರಿ."

ಗಾದ್ರಪ್ಪ ಚಾಪೆಯನ್ನು ನೋಡಿದ. ಮತ್ತೆ ಸೂರಿನ ಫ್ಯಾನನ್ನು ನೋಡಿದ. ಮಾರನೆಯ ದಿನವೂ ಇಳಿಯಲಿಲ್ಲ. ಅದರ ಮಾರನೆಯ ದಿನವೂ.

"ಮೊದಲು ಇಳೀಬ್ಯಾಡ ಅಂದ್ರೆ ಇಳೀತಿದ್ದ. ಈಗ ಇಳಿ ಅಂದ್ರೆ ಇಳಿಯಲ್ಲ" ಅಂದ ಮುರುಗೇಶ. "ಒಟ್ಟು ನಮ್ಮ ಮಾತು ಕೇಳಲ್ಲ ಇವನು." ಹೇಳಿದ ಮೇಲೆ ಅವನಿಗೇ ನಗು ಬರಲಿಲ್ಲ. ನಾಲ್ಕನೇ ದಿನ ಚಾಪೆ ಸುತ್ತಿ ತೆಗೆದುಕೊಂಡು ಹೋದ.

ಜುಲೈ ಎರಡನೇ ವಾರ ಮನೆಯವರನ್ನು ಬಿಡಬಹುದೆಂದಾಯಿತು. ಪಾಲಮ್ಮ ಮೊದಲ ಬಸ್ಸಿಗೇ ಬಂದಳು. ಒಗೆದ ಕಂಬಳಿ ತಂದಿದ್ದಳು. ಗಾದ್ರಪ್ಪ ವಾರ್ಡಿನ ಬಾಗಿಲಲ್ಲಿ ಮುರುಗೇಶನ ತೋಳು ಹಿಡಿದು ನಿಂತಿದ್ದ, ಪಾದ ಎತ್ತದೆ ಸರಿಸಿಕೊಂಡು ಬಂದ. ಮುಖದಲ್ಲಿ ಯಾವುದೂ ಅಲುಗಲಿಲ್ಲ. ಪಾಲಮ್ಮ ಸೆರಗಿನಿಂದ ಅವನ ಗಲ್ಲದ ಜೊಲ್ಲು ಒರೆಸಿದಳು. "ಲೇ ಗಾದ್ರಿ, ಕೆಂದಿ ಕರು ಹಾಕೈತೆ ಕಣೋ" ಅಂದಳು. ಅವನು ಹ್ಞೂಂ ಅನ್ನಲಿಲ್ಲ. ನಿಂತದ್ದು ಸಾಕಾಯಿತೇನೋ, ತಿರುಗಿ ಹೋಗಿ ಹನ್ನೊಂದನೇ ಮಂಚದ ಮೇಲೆ ಕಾಲು ನೀಡಿ ಮಲಗಿದ. ಯಾರೂ ಹೇಳದೆ, ತಾನಾಗಿ.

ಪಾಲಮ್ಮ ನಿಂತಲ್ಲೇ ನಿಂತಳು. ಕಂಬಳಿ ಅವಳ ಕೈಯಲ್ಲೇ ಇತ್ತು.

ಆಮೇಲೆ ಶಶಿರೇಖಾಳ ಮೇಜಿನ ಬಳಿ ಬಂದು ಬೆಂಚಿನ ತುದಿಯಲ್ಲಿ ಕೂತಳು. "ಮೊಟ್ಟೆನೂ ತಿಂದನಾ ತಾಯಿ?"

"ತಿಂದ್ರು."

ಪಾಲಮ್ಮ ಕಂಬಳಿಯನ್ನು ಮಡಿಲಲ್ಲಿಟ್ಟುಕೊಂಡಳು. ಹೊರಗೆ ಯಾರದೋ ಮನೆಯವರು ಜೋರಾಗಿ ಅಳುತ್ತಿದ್ದರು.

"ಹಟ್ಟಿಯಾಗೆ ಕೇಳ್ತಾರೆ" ಅಂದಳು ಕೊನೆಗೆ. "ಬೇಲಿ ಒಳಗೆ ಬಿಡೋದಾ ಬಿಡಬಾರದಾ ಅಂತ ಕೂತು ಮಾತಾಡ್ತಾರೆ. ನಾನು ಹೇಳಿದ್ರೆ ಅಕ್ಕ ಅಲ್ಲವಾ, ತಮ್ಮನ ಕಡೆ ಹೇಳ್ತಾಳೆ ಅಂತಾರೆ. ನೀವು ಬರೆದುಕೊಡ್ರಿ. ನೆಲದ ಮ್ಯಾಲೇ ಮಲಗಿದ್ದ, ಮೊಟ್ಟೆ ಮುಟ್ಟಿಲ್ಲ ಅಂತ. ಆಸ್ಪತ್ರೆ ಕಾಗದ ಅಂದ್ರೆ ನಂಬ್ತಾರೆ. ಆ ರೊಪ್ಪ ಬಿಟ್ಟರೆ ಅವನಿಗೆ ಏನೈತೆ ಹೇಳ್ರಿ."

ಶಶಿರೇಖಾ ಹನ್ನೊಂದರ ಹಾಳೆಗಳನ್ನು ತೆರೆದಳು. ಚಡಪಡಿಕೆ. ನಿರಾಕರಣೆ. ಹಲ್ಲೆ. ಚಡಪಡಿಕೆ. ಇಂಜೆಕ್ಷನ್, ಇಂಜೆಕ್ಷನ್. ಎಲ್ಲ ಅವಳದೇ ಅಕ್ಷರ, ದಿನ ಕಳೆದಂತೆ ಸಣ್ಣದಾಗುತ್ತ ಹೋದ ಅಕ್ಷರ. ಹಾಳೆ ಮುಚ್ಚಿ, ಬಿಳಿ ಕಾಗದ ತೆಗೆದುಕೊಂಡು ಬರೆದಳು. ಬರೆದದ್ದನ್ನು ಪಾಲಮ್ಮನಿಗೆ ಓದಿ ಹೇಳಿದಳು:

"ಗಾದ್ರಪ್ಪನವರು ಮಂಚ ಬೇಡ, ಮೊಟ್ಟೆ ಬೇಡ ಎಂದು ಪದೇ ಪದೇ ಹೇಳಿದ್ದಾರೆ. ಅವರ ಅಕ್ಕನೂ ಮೊದಲೇ ಹೇಳಿದ್ದರು. ನಾನು ಬರೆದುಕೊಳ್ಳಲಿಲ್ಲ. ನಿದ್ದೆಯ ಇಂಜೆಕ್ಷನ್ ಕೊಟ್ಟು ಮಂಚದ ಮೇಲೆ ಮಲಗಿಸಿದ್ದು ನಾವು. ಮೊಟ್ಟೆ ತಿನ್ನಿಸಿದ್ದು ನಾನು. ಆಗ ಅವರಿಗೆ ಎಚ್ಚರ ಇರಲಿಲ್ಲ. ಇದು ಅವರ ತಪ್ಪಲ್ಲ."

"ನಾನು ಕೇಳಿದ್ದು ಇದಲ್ಲ" ಅಂದಳು ಪಾಲಮ್ಮ.

"ಸುಳ್ಳು ಬರೆದು ಸಾಕಾಗೈತೆ ಅಕ್ಕಾ."

"ಗೇಟಿನಾಗೆ ನಿಮಗೆ ಹೇಳಿದ್ದೆ."

"ಹೇಳಿದ್ರಿ."

"ಬರಕೊಂತೀನಿ ಅಂದ್ರಿ."

"ಅಂದೆ."

ಪಾಲಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚೀಲದೊಳಗೆ ಸಿಕ್ಕಿಸಿದಳು. "ಈಗಲಾದ್ರೂ ಬರೆದ್ರಲ್ಲ" ಅಂದಳು. ಬೈಗುಳವೋ ಉಪಕಾರವೋ ಅವಳ ದನಿಯಲ್ಲಿ ಗೊತ್ತಾಗಲಿಲ್ಲ. ತಮ್ಮನನ್ನು ಎಬ್ಬಿಸಿ ಕರೆದುಕೊಂಡು ಹೋದಳು.

ಆಗಸ್ಟಿನಲ್ಲಿ ಅವಳೊಬ್ಬಳೇ ಬಂದು ಮಾತ್ರೆ ಒಯ್ದಳು. ಡಾಕ್ಟರು ಮುರುಗೇಂದ್ರಪ್ಪನವರು ಹತ್ತು ಕೆಜಿ ಇಳಿದು ಕೆಲಸಕ್ಕೆ ಬಂದಿದ್ದರು. ಹನ್ನೊಂದರ ಹಾಳೆ ತಿರುವಿ ಮಾತ್ರೆ ಅರ್ಧಕ್ಕೆ ಇಳಿಸಿದರು. ಸೆಪ್ಟೆಂಬರಿನಲ್ಲಿ ಪಾಲಮ್ಮ ಬರಲಿಲ್ಲ. ಒಂದು ಭಾನುವಾರ ಶಶಿರೇಖಾ ಮಾತ್ರೆಯ ಕವರು ಹಿಡಿದು ದೊಡ್ಡಉಳ್ಳಾರ್ತಿ ಬಸ್ಸು ಹತ್ತಿದಳು. ಇಳಿದು ಕಾಲುದಾರಿಯಲ್ಲಿ ನಡೆದಳು. ಮಳೆ ಬಿದ್ದು ಕಾವಲಿನ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ದೂರದಲ್ಲಿ ಗೋಡೆ ಬಿಳಿ ದಾರದಂತೆ ಕಾಣುತ್ತಿತ್ತು.

ಹಟ್ಟಿಯ ಬಾಗಿಲಲ್ಲಿ ಮರುಳಪ್ಪಜ್ಜ ಹಗ್ಗ ಹೊಸೆಯುತ್ತ ಕೂತಿದ್ದ. ಅವಳು ಯಾರೆಂದು ಕೇಳಿ ತಿಳಿದುಕೊಂಡ ಮೇಲೆ ಅಡಿಯಿಂದ ಮುಡಿಯವರೆಗೆ ನೋಡಿದ.

"ಕಾಗದ ಬರೆದ ಅಮ್ಮ ನೀನೇ ಏನು? ಇಷ್ಟು ಸಣ್ಣೋಳು ಅಂದ್ಕೊಂಡಿರಲಿಲ್ಲ."

"ನಾನೇ ಅಜ್ಜಾ."

"ನಿನ್ನ ಆ ಗುಳಿಗೆ ಒಂದು ನಮ್ಮ ಬಿಳಿ ಹೋರಿಗೂ ಕೊಟ್ಟು ಹೋಗು. ದಿನಾ ಬೇಲಿ ಮುರಿತೈತೆ." ತಾನೇ ಒಂದು ಸಲ ನಕ್ಕು, ಹಗ್ಗ ಕೆಳಗಿಟ್ಟ. "ಕಾಗದ ಓದಿಸಿದ್ವಿ. ಎರಡು ದಿನ ಕೂತು ಮಾತಾಡಿದ್ವಿ. ಎಚ್ಚರ ಇಲ್ಲದೋನ ಬಾಯಿಗೆ ಹಾಕಿದ್ದು ಅವನು ತಿಂದಂಗಲ್ಲ ಅಂದ್ವಿ. ತಣ್ಣೀರು ಹುಯ್ದು, ದೇವರ ಮುಂದೆ ನಿಲ್ಲಿಸಿ, ಬಾರಪ್ಪ ಒಳಗೆ ಅಂದ್ವಿ. ಅವನು ಬರವಲ್ಲ."

"ಯಾಕಂತೆ?"

"ಏನೂ ಅನ್ನಲ್ಲ. ಹೋಗಿ ನೋಡು."

ರೊಪ್ಪ ಹಟ್ಟಿಯ ಹಿಂದೆ ಇತ್ತು. ಕಾರೆಮುಳ್ಳಿನ ಬೇಲಿ, ಒಳಗೆ ಮೂವತ್ತು ನಲವತ್ತು ದನ. ಪಾಲಮ್ಮ ಬಾನಿಗೆ ನೀರು ಸುರಿಯುತ್ತಿದ್ದಳು. ಬೇಲಿಯಿಂದ ನಾಲ್ಕು ಮಾರು ಆಚೆ, ಜಾಲಿಯ ನೆರಳಿನಲ್ಲಿ, ನಾಲ್ಕು ಗುಂಡುಕಲ್ಲಿನ ಮೇಲೆ ಒಂದು ಉದ್ದನೆಯ ಚಪ್ಪಡಿಕಲ್ಲು. ಅದರ ಮೇಲೆ ಗಾದ್ರಪ್ಪ ಮಲಗಿದ್ದ.

"ಅವನೊಬ್ಬನೇ ಹಾರೆ ಕೊಟ್ಟು ದಿನಾ ಇಷ್ಟಿಷ್ಟು ಹೊರಳಿಸಿಕೊಂಡು ಬಂದು ಇಟ್ಟಿದ್ದು" ಅಂದಳು ಪಾಲಮ್ಮ, ಕೊಡ ಕೆಳಗಿಡುತ್ತ. "ನೆಲದ ಮ್ಯಾಲೆ ಹಾಸಿಕೊಟ್ರೆ ಮಲಗಲ್ಲ. ಅದಕ್ಕೇ ಅವನ್ನ ಬಿಟ್ಟು ಪ್ಯಾಟೆಗೆ ಬರಾಕಾಗಲಿಲ್ಲ ತಾಯಿ. ನೀವಾದ್ರೂ ಕೇಳಿ ನೋಡ್ರಿ."

ಶಶಿರೇಖಾ ಚಪ್ಪಡಿಯ ಬಳಿ ಹೋಗಿ ಕುಕ್ಕರುಗಾಲಿನಲ್ಲಿ ಕೂತಳು. ಗಾದ್ರಪ್ಪನ ಜೊಲ್ಲು ನಿಂತಿತ್ತು. ಗಡ್ಡ ತೆಗೆದಿದ್ದ. ಕುತ್ತಿಗೆ ಇನ್ನೂ ಪೂರ್ತಿ ತಿರುಗುತ್ತಿರಲಿಲ್ಲ. ಕಣ್ಣನ್ನಷ್ಟೇ ಇತ್ತ ತಂದ.

"ನಾನು ಯಾರು ಗೊತ್ತಾತಾ ಗಾದ್ರಪ್ಪಾರೇ?"

"ಮಖ ಇವತ್ತೇ ನೋಡಿದ್ದು" ಅಂದ. ಮಾತು ನಿಧಾನವಾಗಿ, ಒಂದೊಂದಾಗಿ ಬಂತು. "ಕೈ ಗೊತ್ತು."

ಅವಳು ಕೈಯಲ್ಲಿದ್ದ ಕವರನ್ನು ನೆಲದ ಮೇಲಿಟ್ಟಳು.

"ಒಳಗೆ ಯಾಕೆ ಹೋಗಲ್ಲ? ಹಿರೇರು ಸರಿ ಅಂದ್ರಂತಲ್ಲ."

"ಅವರು ಕಾಗದ ಓದಿ ಅಂದ್ರು."

"ಹೂಂ."

"ಎಚ್ಚರ ಇರಲಿಲ್ಲ ಅಂತ ಬರೆದ್ರಂತೆ."

"ಹೂಂ."

"ಇತ್ತು" ಅಂದ ಗಾದ್ರಪ್ಪ.

ಬೇಲಿಯೊಳಗೆ ಒಂದು ದನ ಬಾನಿಯಿಂದ ಬಾಯಿ ತೆಗೆದು ಉಸಿರು ಬಿಟ್ಟಿತು.

"ಬಾಯಿ ಮುಚ್ಚನ ಅಂತಿದ್ದೆ. ಮುಚ್ಚುತಿರಲಿಲ್ಲ, ಅಷ್ಟೇ. ಎಲ್ಲ ಗೊತ್ತಾಗ್ತಿತ್ತು. ಹಳದಿ ಇರ್ತೈತಲ್ಲ ಒಳಗೆ, ಅದು ಅಂಗುಳಕ್ಕೆ ಅಂಟಿಕೊಳ್ತಿತ್ತು. ಸಂಜೆಗಂಟ ಹಂಗೇ ಇರ್ತಿತ್ತು." ಕಣ್ಣನ್ನು ಅವಳಿಂದ ತೆಗೆದು ಹೇಳಿದ: "ತಿಂದೋನು ನಾನು. ಕಾಗದ ಅಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಎಷ್ಟು ಬಿತ್ತು ಎಂದು ಹೇಳುವವನಂತೆ ಹೇಳಿದ. ಶಶಿರೇಖಾಗೆ ಆ ಹೊತ್ತಿಗೆ ಬೇಲಿಯೊಳಗಿನ ಗಂಜಲದ, ಸಗಣಿಯ ವಾಸನೆ ಮಂದವಾಗಿ ತಿಳಿಯತೊಡಗಿತ್ತು. ತಿಂಗಳಿಂದೀಚೆಗೆ ಒಂದೊಂದೇ ವಾಸನೆ ತಿರುಗಿ ಬರುತ್ತಿತ್ತು. ಆ ಚಮಚವನ್ನು ನೆನಪಿಸಿಕೊಳ್ಳಲು ನೋಡಿದಳು. ಹದಿನಾರು ಬಾಯಿಗಳಲ್ಲಿ ಇವನದು ಯಾವುದೆಂದು ಸಿಗಲಿಲ್ಲ.

"ಇದನ್ನ ಯಾರಿಗಾದ್ರೂ ಹೇಳಿದ್ರಾ?"

"ಯಾರೂ ಕೇಳಲಿಲ್ಲ. ನೀವೂ ಹೇಳಬ್ಯಾಡ್ರಿ. ಅಕ್ಕ ಆ ಕಾಗದನ ದೇವರ ಪೆಟ್ಟಿಗೆಯಾಗೆ ಇಟ್ಟವಳೆ."

ಅವಳು ತಲೆಯಾಡಿಸಿದಳು. ಗೇಟಿನಲ್ಲಿ ಎಲ್ಲರಿಗೂ ಆಡಿಸಿದಂತೆಯೇ ಆಡಿಸಿದೆನೋ ಏನೋ ಅನ್ನಿಸಿ, ಬಾಯಿ ಬಿಟ್ಟು ಹೇಳಿದಳು: "ಹೇಳಲ್ಲ."

ಬೇಲಿಯ ಬಾಗಿಲು ತೆಗೆದು ಮರುಳಪ್ಪಜ್ಜ ದನ ಹೊರಗೆ ಬಿಡತೊಡಗಿದ. ಗಾದ್ರಪ್ಪ ಅತ್ತ ನೋಡಲಿಲ್ಲ, ಕಣ್ಣು ಮುಚ್ಚಿದ್ದ. ಗೊರಸುಗಳು ಒಂದೊಂದಾಗಿ ಕಲ್ಲುನೆಲ ದಾಟುತ್ತಿದ್ದವು.

"ಅಜ್ಜಾ" ಅಂದ ಕಣ್ಣು ಮುಚ್ಚಿಕೊಂಡೇ. "ಕೆಂದಿ ಹಿಂದಿನ ಬಲಗಾಲು ಎಳೀತೈತೆ. ಮುಳ್ಳು ಮುರಿದೈತೆ ನೋಡು."

ಮರುಳಪ್ಪಜ್ಜ ಕೆಂದಿಯನ್ನು ತಡೆದು, ಬಗ್ಗಿ ಗೊರಸು ಎತ್ತಿ ನೋಡಿದ. "ಐತಲೇ" ಅಂದ. "ಒಳಗೇ ಮುರಿದೈತೆ. ನನ್ನ ಕಣ್ಣಿಗೆ ಕಾಣಂಗಿಲ್ಲ, ನಡುಗೋ ಕೈ ಬ್ಯಾರೆ. ಬಾರಲೇ, ಇದು ಬೇಲಿ ಹೊರಗೇ ನಿಂತೈತೆ, ಒಳಗಲ್ಲ."

ಪಾಲಮ್ಮ ಮತ್ತೆ ತುಂಬಿ ತಂದ ಕೊಡವನ್ನು ಸೊಂಟದಿಂದ ಇಳಿಸಿ ನಿಂತಳು. ಗಾದ್ರಪ್ಪ ಎದ್ದು ಕೂತ. ಎದ್ದು ಕೂರಲು ಅವನಿಗೆ ತುಂಬ ಹೊತ್ತು ಹಿಡಿಯಿತು. ಎಡಗಾಲನ್ನು ಕೈಯಿಂದ ಎತ್ತಿ ಚಪ್ಪಡಿಯ ಅಂಚಿನಿಂದ ಕೆಳಗೆ ಬಿಟ್ಟ. ಬರಿಯ ಪಾದ ನೆಲಕ್ಕೆ ತಾಗಿತು. ಬಲಗಾಲು ಇನ್ನೂ ಕಲ್ಲಿನ ಮೇಲೆಯೇ ಇತ್ತು. ಹಾಗೇ ಕ್ಷಣಹೊತ್ತು ಕೂತು ತನ್ನ ಪಾದವನ್ನೇ ನೋಡಿದ. ಆಮೇಲೆ ಕೈ ನೀಡಿದ.

ಮರುಳಪ್ಪಜ್ಜ ಕೆಂದಿಯನ್ನು ಅವನಿದ್ದಲ್ಲಿಗೇ ನಡೆಸಿಕೊಂಡು ಬಂದ. ಗಾದ್ರಪ್ಪ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು, ಸವೆದು ಮತ್ತೆ ಚರ್ಮ ಬಂದ ಬೆರಳ ತುದಿಯಿಂದ ಮುಳ್ಳು ಹುಡುಕತೊಡಗಿದ. ಬೆರಳು ಸರಿಯಾಗಿ ಮಡಚುತ್ತಿರಲಿಲ್ಲ. ದನ ಅಲುಗದೆ ನಿಂತಿತ್ತು.

ಶಶಿರೇಖಾ ಮಾತ್ರೆಯ ಕವರನ್ನು ಪಾಲಮ್ಮನ ಕೈಗೆ ಕೊಟ್ಟಳು. ಬೆಳಿಗ್ಗೆ ಬೇಡ, ರಾತ್ರಿ ಅರ್ಧ ಅಂದಳು. ಪಾಲಮ್ಮ ಕೇಳಿಸಿಕೊಂಡಳು, ಆದರೆ ನೋಡುತ್ತಿದ್ದುದು ತಮ್ಮನ ಕೈಯನ್ನು. ಬಸ್ಸಿಗೆ ಹೊತ್ತಾಗಿತ್ತು. ಮುಳ್ಳು ಇನ್ನೂ ಸಿಕ್ಕಿರಲಿಲ್ಲ.